ಮಾವನ ಗೋಡೆಗೆ ಬಂದ ಅನುದಾನ

ನಮ್ಮ ಸೋದರಮಾವನನ್ನು ಊರೆಲ್ಲ ಕರೆಯುತ್ತಿದ್ದದ್ದು ಗಟ್ಟಿ ಮೇಸ್ತ್ರಿ ಅಂತ. ಗಾರೆ ಕೆಲಸದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಮಾವ ಒಂದು ಸಲ ಕಟ್ಟಿದ್ದನ್ನು ಮತ್ತೆ ಒಡೆಯುವುದು ಯಾರಪ್ಪನ ಕೈಯಲ್ಲೂ ಆಗುತ್ತಿರಲಿಲ್ಲ. ಒಂದು ಬುಟ್ಟಿ ಸಿಮೆಂಟು ಸಾಕು ಅನ್ನುವ ಕಡೆ ಮೂರು ಬುಟ್ಟಿ ಸುರಿಯುವುದು ಅವನ ಪದ್ಧತಿ. ಪಕ್ಕದ ಮನೆಯ ಅಜ್ಜಿಗೆ ಒಂದು ಕೋಳಿಗೂಡು ಕಟ್ಟಿಕೊಟ್ಟಿದ್ದ. ಕೋಳಿಗಳು ಹೋದವು, ಅಜ್ಜಿಯೂ ಹೋದಳು, ಹಳೇ ಮನೆ ಕೆಡವಿ ಅವರ ಮಕ್ಕಳು ಹೊಸ ಮನೆ ಎಬ್ಬಿಸಿದರು. ಕೋಳಿಗೂಡು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕೊನೆಗೆ ಅದರ ಸುತ್ತಲೇ ಹಾಲ್ ಕಟ್ಟಿ, ಅದರ ಮೇಲೆ ಟಿವಿ ಇಟ್ಟುಕೊಂಡರು. ಮಾವ ಆ ಮನೆಗೆ ಹೋದಾಗಲೆಲ್ಲ ಟಿವಿ ನೋಡುತ್ತಿರಲಿಲ್ಲ, ಅದರ ಕೆಳಗೆ ನೋಡುತ್ತಿದ್ದ.

ಅವನ ಸ್ವಂತ ಮನೆಯ ಗೋಡೆಗೆ ಮೊಳೆ ಇಳಿಯುತ್ತಿರಲಿಲ್ಲ. ಅತ್ತೆ ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಡಬ್ಬಿ ಮೊಳೆ ಬಗ್ಗಿಸಿ ಸೋತಳು. ಆಮೇಲೆ ಕ್ಯಾಲೆಂಡರನ್ನು ಹಾಸಿಗೆಯ ಕೆಳಗೆ ಮಲಗಿಸಿಟ್ಟಳು. ಆ ಮನೆಯಲ್ಲಿ ತಾರೀಕು ಕೇಳಿದರೆ ಮಲಗಿದವರನ್ನು ಎಬ್ಬಿಸಬೇಕಾಗಿತ್ತು.

"ಏನ್ರೀ, ಒಂದು ಗೋಡೆಯಾದ್ರೂ ಸ್ವಲ್ಪ ಮೆತ್ತಗೆ ಕಟ್ಟಬಾರದಿತ್ತಾ?" ಅಂತ ಅತ್ತೆ ಅಂದರೆ, ಮಾವ ಅದನ್ನು ಹೊಗಳಿಕೆ ಅಂತಲೇ ತಿಳಿದು ಮೀಸೆಯಡಿ ನಗುತ್ತಿದ್ದ.

ಅವನು ಕಟ್ಟಿದ್ದರಲ್ಲೆಲ್ಲ ದೊಡ್ಡದು ಸಮುದ್ರದ ಗೋಡೆ. ನಾನು ಆಗ ಲಂಗ ಹಾಕಿಕೊಳ್ಳುವ ಹುಡುಗಿ. ನಮ್ಮ ಕೇರಿಯ ಹಿಂದೆ ಸಮುದ್ರ ದಿನಾ ಬಂದು ಹೋಗುತ್ತಿದ್ದ ದೊಡ್ಡ ಜೌಗು ಇತ್ತು. ನೀರು ಇಳಿದಾಗ ಮೊಣಕಾಲುದ್ದ ಕೆಸರು, ಏರಿದಾಗ ಕೆರೆ. ಅಂಚಿಗೆಲ್ಲ ಕಾಂಡ್ಲಾ ಗಿಡಗಳು ಬೇರುಗಳನ್ನು ಕೊಡೆಯ ಕಡ್ಡಿಗಳ ಹಾಗೆ ಹರಡಿಕೊಂಡು ಉಪ್ಪುನೀರಲ್ಲೇ ನಿಂತಿರುತ್ತಿದ್ದವು. ಆಗಿನ ಸರ್ಕಾರಕ್ಕೆ ಕೆಸರು ಕಂಡರೆ ಆಗುತ್ತಿರಲಿಲ್ಲ. ಗೋಡೆ ಹಾಕಿ ಸಮುದ್ರವನ್ನು ಆಚೆ ನಿಲ್ಲಿಸಿ, ಜೌಗನ್ನು ಒಣಗಿಸಿ ಕಾರ್ಖಾನೆ ತರುತ್ತೇವೆ ಅಂತ ಅನುದಾನ ಕೊಟ್ಟಿತು. ಗೋಡೆಯ ಗುತ್ತಿಗೆ ಮಾವನಿಗೆ ಸಿಕ್ಕಿತು.

ನಮ್ಮಮ್ಮ ಮಾವನಿಗೆ ಅಕ್ಕ. ಆ ಜೌಗಲ್ಲಿ ಏಡಿ, ಚಿಪ್ಪು ಹಿಡಿದು ಮಾರಿ ಮನೆ ನಡೆಸುತ್ತಿದ್ದವಳು. ಕೆಸರ ಮೇಲೆ ಒಂದು ಹಲಗೆ ಹಾಕಿ, ಅದರ ಮೇಲೆ ಬೋರಲು ಮಲಗಿ, ಕಾಲಿನಿಂದ ಒದ್ದುಕೊಂಡು ಸರ್ರನೆ ಜಾರಿ ಹೋಗುತ್ತಿದ್ದಳು. "ಕಟ್ಟಬೇಡ ಕಣೋ, ನನ್ನ ಅಡುಗೆಮನೆ ಬಾಗಿಲಿಗೆ ಗೋಡೆ ಹಾಕಿದ ಹಾಗಾಗುತ್ತೆ" ಅಂತ ತಮ್ಮನಿಗೆ ಹೇಳಿದಳು. ಮಾವ, "ಸರ್ಕಾರದ ಕೆಲಸ ಅಕ್ಕ, ಬೇಡ ಅನ್ನೋಕೆ ನಾನ್ಯಾರು?" ಅಂದ. ಅಷ್ಟು ಹೇಳಿ ಸುಮ್ಮನಿದ್ದಿದ್ದರೂ ಆಗುತ್ತಿತ್ತು. "ಬೇಕಾದ್ರೆ ನೋಡು, ಒಂದು ಏಡಿಯೂ ನುಸುಳಬಾರದು, ಹಾಗೆ ಕಟ್ತೀನಿ" ಅಂತ ಸೇರಿಸಿದ. ಹಾಗೇ ಕಟ್ಟಿದ ಕೂಡ.

ಅವತ್ತಿನಿಂದ ಅಮ್ಮ ಅವನ ಜೊತೆ ಮಾತು ಬಿಟ್ಟಳು. ಬಿಟ್ಟಳು ಅಂದರೆ ಬಾಯಿ ಮುಚ್ಚಿದಳು ಅಂತಲ್ಲ. ಅವನಿಗೆ ಹೇಳಬೇಕಾದ್ದನ್ನೆಲ್ಲ ನನ್ನ ಕೈಲಿ ಹೇಳಿಸುತ್ತಿದ್ದಳು. ಮಾವ ಎದುರಿಗೇ ಕೂತಿದ್ದರೂ, "ಅವನಿಗೆ ಹೇಳು, ಚಹಾ ಆರ್ತಾ ಇದೆ" ಅನ್ನುವಳು. ಮಾವ, "ಅಮ್ಮಂಗೆ ಹೇಳು, ಸಕ್ಕರೆ ಸಾಲದು" ಅನ್ನುವನು. ನಾನು ಇಲ್ಲದಾಗ ಅಮ್ಮ ಬೆಕ್ಕಿಗೆ ಹೇಳುತ್ತಿದ್ದಳು. ಬೆಕ್ಕೂ ಇಲ್ಲದಾಗ ಪೊರಕೆಗೆ. "ನೋಡೇ ಪೊರಕೆ, ಕೆಲವರು ಕಾಲು ಒರೆಸಿಕೊಳ್ಳದೆ ಒಳಗೆ ಬರ್ತಾರೆ." ನನಗೆ ಮದುವೆಯಾಗಿ, ಪಕ್ಕದ ಬೀದಿಯಲ್ಲಿ ಹೊಲಿಗೆ ಅಂಗಡಿ ಹಾಕಿಕೊಂಡ ಮೇಲೂ ಈ ಕೆಲಸ ತಪ್ಪಲಿಲ್ಲ. ಮಷಿನ್ ನಿಲ್ಲಿಸಿ ಹೋಗಿ ಇಬ್ಬರ ನಡುವೆ ಕೂತು ಬರಬೇಕಾಗಿತ್ತು.

ಕಾರ್ಖಾನೆ ಮಾತ್ರ ಬರಲೇ ಇಲ್ಲ. ಜೌಗು ಒಣಗಿ ಬಿರುಕು ಬಿಟ್ಟು, ಬೆಳ್ಳಗೆ ಉಪ್ಪು ಕಾರಿಕೊಂಡು ಬಿದ್ದಿತ್ತು. ಗಿಡಗಳು ಕಡ್ಡಿಯಾದವು. ಅಮ್ಮ ಬಂದರಿಗೆ ಹೋಗಿ ಮೀನು ಕೊಂಡು ತಂದು ಮಾರುವುದು ಕಲಿತಳು. ಗೋಡೆ ಮಾತ್ರ ನಿನ್ನೆ ಕಟ್ಟಿದ ಹಾಗೆ ನಿಂತಿತ್ತು. ಮಾವ ಪ್ರತಿ ಸಂಜೆ ಅದರ ಪಕ್ಕ ನಡೆದು, ಅಲ್ಲಲ್ಲಿ ಅದರ ಬೆನ್ನು ತಟ್ಟಿ ಬರುತ್ತಿದ್ದ.

ಹೀಗೆ ವರ್ಷಗಳು ಉರುಳಿ, ಮಾವನ ಮೀಸೆ ಗೋಡೆಯ ಬಣ್ಣಕ್ಕೆ ತಿರುಗಿದ ಮೇಲೆ, ಒಂದು ಬೆಳಿಗ್ಗೆ ಜೌಗು ಮೇಡಂ ಅವರ ಜವಾನ ಸೈಕಲ್ ಏರಿ ಬಂದ. ಜೌಗು ಮೇಡಂ ಅಂದರೆ ಊರಿಗೆ ಹೊಸದಾಗಿ ಬಂದಿದ್ದ ಅಧಿಕಾರಿ. ಹಳೇ ಐಸ್ ಫ್ಯಾಕ್ಟರಿಯ ಒಂದು ಕೋಣೆಯಲ್ಲಿ ಆಫೀಸು ಮಾಡಿಕೊಂಡು, ಸದಾ ಗಂಬೂಟು ಹಾಕಿಕೊಂಡೇ ಓಡಾಡುತ್ತಿದ್ದರು. ಜವಾನ ಸೈಕಲ್‌ನಿಂದ ಇಳಿಯದೆ ಕೂಗಿದ: "ಮೇಸ್ತ್ರೀ, ನಿಮ್ಮ ಗೋಡೆಗೆ ಸರ್ಕಾರದಿಂದ ಅನುದಾನ ಬಂದಿದೆಯಂತೆ! ಮೇಡಂ ನಾಳೆ ಆಫೀಸಿಗೆ ಬರೋಕೆ ಹೇಳಿದ್ದಾರೆ!"

ಮಾವ ಕೈಯಲ್ಲಿದ್ದ ಚಹಾ ಲೋಟವನ್ನು ಅತ್ತೆಯ ಕೈಗೆ ಕೊಡಲು ಹೋಗಿ ಗಾಳಿಗೆ ಕೊಟ್ಟ.

"ಅನುದಾನ ಅಂದ್ರೆ ಏನ್ರೀ?" ಅಂದಳು ಅತ್ತೆ, ಒಡೆದ ಗಾಜಿನ ಚೂರು ಆರಿಸುತ್ತ.

"ಸನ್ಮಾನ ಕಣೇ. ಸರ್ಕಾರದವರು ದೊಡ್ಡ ಮಾತಲ್ಲಿ ಹಾಗಂತಾರೆ."

ಅರ್ಧ ಗಂಟೆಯಲ್ಲಿ ಮಾವ ನನ್ನ ಅಂಗಡಿಯಲ್ಲಿದ್ದ. ಹೊಸ ಬಿಳಿ ಅಂಗಿ ಬೇಕು, ಸಂಜೆಯೊಳಗೆ ಬೇಕು, ಶಾಲು ಹೊದಿಸುವಾಗ ಜಾರಬಾರದು, ಹಾಗಾಗಿ ಭುಜ ಸ್ವಲ್ಪ ಅಗಲ ಇರಲಿ ಅಂದ. ಎದೆ ಅಳತೆ ತೆಗೆಯುವಾಗ ಎಷ್ಟು ಉಬ್ಬಿಸಿದ ಅಂದರೆ, ಆ ಅಳತೆಗೆ ಹೊಲಿದ ಅಂಗಿ ಅವನು ಉಸಿರು ಬಿಟ್ಟ ಕೂಡಲೇ ಬಟ್ಟೆ ಒಣಹಾಕಿದ ಹಾಗೆ ಜೋತುಬಿತ್ತು. "ಪರವಾಗಿಲ್ಲ, ಅಲ್ಲಿ ನಾನು ಉಸಿರು ಬಿಡಲ್ಲ" ಅಂದ. ಅಮ್ಮನಿಗೆ ಸುದ್ದಿ ಮುಟ್ಟಿಸಿದಾಗ ಅವಳು ಮೀನು ಹೆಚ್ಚುತ್ತ, "ಅವನಿಗೆ ಹೇಳು, ಗೋಡೆಗೂ ಒಂದು ಅಂಗಿ ಹೊಲಿಸಲಿ ಅಂತ" ಅಂದಳು.

ಮರುದಿನ ಮಾವ, ಅತ್ತೆ, ನಾನು, ಮೂವರೂ ಆಫೀಸಿಗೆ ಹೋದೆವು. ಕೋಣೆಯ ಗೋಡೆಗಳಿಂದ ಇನ್ನೂ ಹಳೇ ಮೀನಿನ ವಾಸನೆ ಬರುತ್ತಿತ್ತು. ಕಪಾಟಿನ ತುಂಬ ಗಾಜಿನ ಬಾಟಲಿಗಳು. ಒಂದೊಂದರಲ್ಲೂ ಬೇರೆ ಬೇರೆ ಬಣ್ಣದ ಕೆಸರು, ಮೇಲೆ ಚೀಟಿ. ಮೇಡಂ ಎದ್ದು ನಿಂತು ಸ್ವಾಗತಿಸಿದರು.

"ಬನ್ನಿ ಮೇಸ್ತ್ರೀ, ಕೂತ್ಕೊಳ್ಳಿ. ನಿಮ್ಮ ಗೋಡೆ ವಿಷಯವನ್ನ ಸರ್ಕಾರ ತುಂಬ ಗಂಭೀರವಾಗಿ ತಗೊಂಡಿದೆ."

ಮಾವ ಕೂರಲಿಲ್ಲ. ಗಂಟಲು ಸರಿಮಾಡಿಕೊಂಡು, ಬಚ್ಚಲಲ್ಲಿ ರಾತ್ರಿಯಿಡೀ ಬಾಯಿಪಾಠ ಮಾಡಿದ್ದ ಭಾಷಣ ಶುರು ಮಾಡಿದ. "ಸನ್ಮಾನ್ಯ ಸರ್ಕಾರಕ್ಕೆ ನನ್ನ ನಮಸ್ಕಾರ. ಈ ಗೋಡೆ ನಾನೊಬ್ಬನೇ ಕಟ್ಟಿದ್ದಲ್ಲ. ಕಲ್ಲು ಹೊತ್ತವರು, ನೀರು ಹಾಕಿದವರು, ಊಟ ತಂದ ನನ್ನ ಹೆಂಡ್ತಿ..." ಇಲ್ಲಿ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೇಡಂ ಏನೂ ಅರ್ಥವಾಗದಿದ್ದರೂ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಆಮೇಲೆ ಕೇಳಿದರು: "ತುಂಬ ಚೆನ್ನಾಗಿ ಮಾತಾಡಿದ್ರಿ. ಈಗ ಹೇಳಿ, ಅದನ್ನ ಎಷ್ಟು ಬೇಗ ಒಡೀಬಹುದು?"

ಮಾವ ಅವತ್ತಿನ ಮೊದಲ ಉಸಿರು ಬಿಟ್ಟ. ಅಂಗಿ ಜೋತುಬಿತ್ತು.

ಮೇಡಂ ಪಾಪ, ಸಮಾಧಾನವಾಗಿ ವಿವರಿಸಿದರು. ಈ ಅನುದಾನ ಜೌಗನ್ನು ಮತ್ತೆ ಬದುಕಿಸೋಕೆ. ಸಮುದ್ರದ ನೀರು ಒಳಗೆ ಬಂದು ಹೋಗುತ್ತಿದ್ದರೆ ಕಾಂಡ್ಲಾ ಗಿಡ ಬೆಳೆಯುತ್ತೆ, ಮರಿಮೀನು, ಏಡಿ ಎಲ್ಲ ಅದರ ಬೇರಿನ ನಡುವೆ ದೊಡ್ಡದಾಗುತ್ತವೆ, ಬಿರುಗಾಳಿ ಬಂದಾಗ ಅಲೆಯ ಹೊಡೆತವನ್ನ ಆ ಗಿಡಗಳೇ ತಡೆಯುತ್ತವೆ. ಅದಕ್ಕೆ ಗೋಡೆಯ ನಡುವೆ ಒಂದು ದಾರಿ ಬೇಕು.

"ಕಟ್ಟೋಕೆ ದುಡ್ಡು ಕೊಟ್ಟಿದ್ದೂ ಸರ್ಕಾರವೇ ಅಲ್ವಾ ಮೇಡಂ?"

"ಹೌದು. ಅದು ಆಗಿನ ಸರ್ಕಾರ."

"ಮುಂದಿನ ಸರ್ಕಾರ ಬಂದು ಮತ್ತೆ ಕಟ್ಟು ಅಂದ್ರೆ?"

ಮೇಡಂ ಯೋಚಿಸಿದರು. "ಆಗಲೂ ನಿಮ್ಮನ್ನೇ ಕರೀತೀವಿ."

ಮಾವ ಸಾಧ್ಯವಿಲ್ಲ ಅಂದ. ಹೆತ್ತ ಮಗುವಿನ ಮೇಲೆ ಯಾರಾದರೂ ಸುತ್ತಿಗೆ ಎತ್ತುತ್ತಾರಾ ಅಂತ ಕೇಳಿದ. ದಾರಿಯುದ್ದಕ್ಕೂ ಮುಖ ಊದಿಸಿಕೊಂಡು ಬಂದ. ಮನೆಗೆ ಬಂದ ಮೇಲೆ ಅತ್ತೆ, "ನನ್ನ ತಮ್ಮನ ಹತ್ರ ಬುಲ್ಡೋಜರ್ ಇದೆ, ಅವನಾದ್ರೂ ಮಾಡ್ಕೊಳ್ಳಲಿ ಬಿಡಿ" ಅಂದಳು. ಮಾವ ಮೊದಲು ಉರಿದುಬಿದ್ದ. ಆಮೇಲೆ ಏನೋ ಹೊಳೆದು, ಮೀಸೆಯಡಿ ನಗೆ ಮೂಡಿತು. "ಮಾಡ್ಲಿ, ಮಾಡ್ಲಿ" ಅಂದ.

ಅತ್ತೆಯ ತಮ್ಮ ಸಂಭ್ರಮದಿಂದಲೇ ಬುಲ್ಡೋಜರ್ ತಂದ. ಮೇಡಂ "ಕರಾವಳಿ ಜೌಗು ಪುನಶ್ಚೇತನ ಯೋಜನೆ, ಸರ್ಕಾರದ ಅನುದಾನದಿಂದ" ಅಂತ ಬರೆದ ದೊಡ್ಡ ತಗಡಿನ ಫಲಕ ನಿಲ್ಲಿಸಿದರು. ಮಾವ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ, ಕೊಡೆ, ಫ್ಲಾಸ್ಕಿನಲ್ಲಿ ಚಹಾ ತಂದು, ಸಿನಿಮಾ ನೋಡುವವನ ಹಾಗೆ ಎದುರಿಗೆ ಕೂತ.

ಬುಲ್ಡೋಜರ್ ಬಂದು ಗುದ್ದಿತು. ಗೋಡೆಗೆ ಏನೂ ಆಗಲಿಲ್ಲ. ಇನ್ನೊಮ್ಮೆ ಗುದ್ದಿದಾಗ ಬುಲ್ಡೋಜರಿನ ಬಾಯಿಯ ಒಂದು ಹಲ್ಲು ಟಣ್ಣನೆ ಮುರಿದು ಮಾವನ ಕಾಲ ಬಳಿ ಬಂದು ಬಿತ್ತು. ಮಾವ ಎದ್ದು ಅದನ್ನು ಎತ್ತಿ, ಧೂಳು ಒರೆಸಿ, ಭಾಮೈದನಿಗೆ ವಾಪಸ್ ಕೊಟ್ಟು, "ಚಹಾ ಕುಡೀತೀಯಾ?" ಅಂದ.

ದಿನಗಳು ಹೀಗೇ ಹೋದವು. ಮೇಲೆ ಆಗದಿದ್ದರೆ ಬುಡದಲ್ಲಾದರೂ ಮೆತ್ತಗಿನ ಜಾಗ ಸಿಗಬಹುದು ಅಂತ ಅತ್ತೆಯ ತಮ್ಮ ಗೋಡೆಯ ಒಳಮಗ್ಗುಲಲ್ಲಿ ಇಲ್ಲಿ ಅಗೆದ, ಅಲ್ಲಿ ಅಗೆದ. ಗುಂಡಿಗಳಿಗೆ ಉಪ್ಪುನೀರು ಜಿನುಗಿ ದೊಡ್ಡ ಕೆಸರಿನ ಹೊಂಡವಾಯಿತು. ಹಲ್ಲುಗಳು ಒಂದೊಂದೇ ಉದುರಿ, ಬುಲ್ಡೋಜರು ಬೊಚ್ಚುಬಾಯಿ ಮುದುಕನ ಹಾಗೆ ಕಾಣತೊಡಗಿತು. ಮೇಡಂ ಮುಖ ದಿನದಿನಕ್ಕೆ ಇಳಿಯುತ್ತ ಬಂತು. ವರ್ಷದ ಲೆಕ್ಕ ಮುಗಿಯುವುದರೊಳಗೆ ನೀರು ಒಳಗೆ ಹರಿಯದಿದ್ದರೆ ಅನುದಾನವೆಲ್ಲ ವಾಪಸ್ ಹೋಗುತ್ತದೆ, ಮತ್ತೆ ಕೇಳಿದರೂ ಸಿಗುವುದಿಲ್ಲ ಅಂತ ನನ್ನ ಹತ್ತಿರ ಹೇಳಿಕೊಂಡರು. ನಾನು ಅದನ್ನು ಅಮ್ಮನಿಗೆ ಹೇಳಿದೆ.

ಅಮ್ಮ ಮೀನಿನ ಬುಟ್ಟಿ ಅಲ್ಲೇ ಇಳಿಸಿ ನೇರ ಗೋಡೆಯ ಹತ್ತಿರ ಹೋದಳು. ಮಾವ ಕುರ್ಚಿಯಲ್ಲಿದ್ದ. ಹಿಂದೆ ಓಡುತ್ತಿದ್ದ ನಾನು ಬಂದು ಮುಟ್ಟುವುದಕ್ಕೂ ಕಾಯದೆ ಅಮ್ಮ ಅವನ ಕೊಡೆಗೆ ಹೇಳಿದಳು: "ನೋಡು ಕೊಡೆ, ಇಷ್ಟು ವರ್ಷ ಆದ್ಮೇಲೆ ನಮ್ಮ ಏಡಿಗಳಿಗೆ ವಾಪಸ್ ಬರೋಕೆ ಒಂದು ಬಾಗಿಲು ಸಿಗ್ತಾ ಇದೆ. ಕೆಲವರು ಅದಕ್ಕೆ ಅಡ್ಡ ಕೂತು ಚಹಾ ಹೀರ್ತಾರೆ."

"ಅಮ್ಮಂಗೆ ಹೇಳು," ಅಂದ ಮಾವ ನನ್ನ ಕಡೆ ತಿರುಗಿ, "ನಾನೆಲ್ಲಿ ಅಡ್ಡ ಕೂತಿದೀನಿ? ಗೋಡೆ ತಾನೇ ನಿಂತಿದೆ!"

ಅಮ್ಮ ಕೊಡೆಯನ್ನು ಕಿತ್ತುಕೊಂಡು ಹೋದಳು. ಅವತ್ತು ಮಾವ ಬಿಸಿಲಲ್ಲಿ ಕೂತ. ಚಹಾ ಅವನಿಗೆ ಮೊದಲಿನ ಹಾಗೆ ರುಚಿಸಲಿಲ್ಲ ಅಂತ ಕಾಣುತ್ತದೆ. ಅರ್ಧ ಫ್ಲಾಸ್ಕ್ ಭಾಮೈದನಿಗೇ ಕೊಟ್ಟುಬಿಟ್ಟ.

ಆ ವಾರವೇ ಕೆಲಸ ಎಲ್ಲಿಗೆ ಬಂತು ಅಂತ ನೋಡಲು ರಾಜಧಾನಿಯಿಂದ ತಪಾಸಣೆಯ ಸಾಹೇಬರು ಬಂದರು. ದೊಡ್ಡ ಅಂಚಿನ ಟೋಪಿ ಹಾಕಿದ್ದರಿಂದ ನಾವೆಲ್ಲ ಟೋಪಿ ಸಾಹೇಬರು ಅಂದೆವು. ಅಂದು ಸಮುದ್ರಕ್ಕೆ ದೊಡ್ಡ ಭರತ, ತುಂಬು ಉಬ್ಬರ. ನೀರು ಗೋಡೆಯ ಹೊರಮೈಗೆ ಎದೆಯೆತ್ತರ ಬಂದು ಒತ್ತುತ್ತಿತ್ತು. ಟೋಪಿ ಸಾಹೇಬರು ಗೋಡೆ ನೋಡಿದರು, ಬುಲ್ಡೋಜರಿನ ಬಾಯಿ ನೋಡಿದರು.

"ಏನ್ ಮೇಡಂ ಇದು, ಇನ್ನೂ ಹಾಗೇ ನಿಂತಿದೆ? ಏನೋ ಹಳೇ ಲಡ್ಡು ಗೋಡೆ, ಮುಟ್ಟಿದ್ರೆ ಉದುರುತ್ತೆ ಅಂತ ಅಂದ್ಕೊಂಡಿದ್ದೆ."

ಲಡ್ಡು ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಮಾವ ಕುರ್ಚಿಯಿಂದ ಚಿಮ್ಮಿ ಎದ್ದ. "ಯಾರ್ರೀ ಲಡ್ಡು ಅಂದಿದ್ದು?" ಅನ್ನುತ್ತ ಗೋಡೆಯ ತುದಿಯಲ್ಲಿದ್ದ ಮೆಟ್ಟಿಲಿನಿಂದ ಅದರ ಮೇಲೇ ಹತ್ತಿಬಿಟ್ಟ. ಮೇಡಂ "ಇಳೀರಿ, ಇಳೀರಿ" ಅಂತ ಕೂಗಿದರು. ಅತ್ತೆ "ರೀ, ಹೊಸ ಅಂಗಿ!" ಅಂತ ಕೂಗಿದಳು. ಮಾವ ಯಾರ ಮಾತೂ ಕೇಳದೆ, ಅಗೆದ ಹೊಂಡಗಳ ಮೇಲಿನ ಭಾಗಕ್ಕೆ ನಡೆದು ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತ.

"ನೋಡಿ ಸಾಹೇಬ್ರೇ! ಆನೆ ಬಂದು ಕುಣಿದರೂ ಇದು ಅಲ್ಲಾಡಲ್ಲ!" ಅಂತ ಬಲಗಾಲು ಎತ್ತಿ ಧಡ್ ಅಂತ ಒಂದು ಏಟು ಕೊಟ್ಟ.

ಗೋಡೆ ಅಲ್ಲಾಡಿತು.

ಬುಡದಲ್ಲಿ ಮಣ್ಣೆಲ್ಲ ಖಾಲಿಯಾಗಿತ್ತು, ಆಚೆಯಿಂದ ಸಮುದ್ರ ಒತ್ತುತ್ತಿತ್ತು. ಅದಕ್ಕೂ ಒಂದು ನೆಪ ಬೇಕಿತ್ತೇನೋ. ಎರಡು ಜೋಡಣೆಗಳ ನಡುವಿನ ಇಡೀ ತುಂಡು, ಎಮ್ಮೆ ಮಂಡಿಯೂರಿ ಮಲಗುವ ಹಾಗೆ, ನಿಧಾನಕ್ಕೆ ಒಳಮಗ್ಗುಲಿಗೆ ವಾಲಿತು. ಮಾವ ಮೇಲೆ ನಿಂತೇ ಇದ್ದ. ಕೈಗಳನ್ನು ರೆಕ್ಕೆಯ ಹಾಗೆ ಬಡಿಯುತ್ತ, ಗೋಡೆ ವಾಲಿದಂತೆಲ್ಲ ಹಿಂದಕ್ಕೆ ಹೆಜ್ಜೆ ಇಡುತ್ತ, ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಹಾರಿ ಕೆಸರಿನ ಹೊಂಡದಲ್ಲಿ ನಿಂತ. ಗೋಡೆ ಬಪ್ಪನೆ ಅಂಗಾತ ಮಲಗಿತು. ಟೋಪಿ ಸಾಹೇಬರ ಟೋಪಿಯಿಂದ ಬೂಟಿನವರೆಗೆ ಕೆಸರು ಹಾರಿತು.

ಆಮೇಲೆ ಹೊಂಡದಿಂದ ಮಾವನ ದನಿ ಬಂತು, ಗೆದ್ದವನ ದನಿ: "ಬಿತ್ತು! ಬಿದ್ರೂ ಒಡೆದಿಲ್ಲ, ನೋಡಿ! ಒಂದು ಬಿರುಕು ತೋರಿಸಿ!"

ನಿಜವಾಗಿಯೂ ಒಂದು ಬಿರುಕೂ ಇರಲಿಲ್ಲ. ಆದರೆ ಮಾವ ಸೊಂಟದವರೆಗೆ ಹೂತಿದ್ದ, ಎಗರಾಡಿದಷ್ಟೂ ಇಳಿಯುತ್ತಿದ್ದ, ತೆರೆದ ದಾರಿಯಿಂದ ಸಮುದ್ರ ತಣ್ಣಗೆ ಒಳಗೆ ಬರುತ್ತಿತ್ತು. ಅತ್ತೆಯ ತಮ್ಮ ಹಗ್ಗ ಹುಡುಕಲು ಓಡಿದ. ಅತ್ತೆ ಲಬೋಲಬೋ ಅಂತ ಬಾಯಿ ಬಡಿದುಕೊಂಡಳು.

ಅಮ್ಮ ಯಾವಾಗ ಬಂದಳೋ ನಾನು ನೋಡಲಿಲ್ಲ. ಸೀರೆ ಎತ್ತಿ ಕಟ್ಟಿ, ಮೇಡಂ ನಿಲ್ಲಿಸಿದ್ದ ಫಲಕವನ್ನು ಎರಡೂ ಕೈಯಿಂದ ಹಿಡಿದು ಅಲುಗಿಸಿ ಕಿತ್ತಳು. ಅದನ್ನು ಕೆಸರ ಮೇಲೆ ಹಾಸಿ, ಬೋರಲು ಮಲಗಿ, ಕಾಲಿನಿಂದ ಒಂದು ಒದೆ ಕೊಟ್ಟಳು. ಅರವತ್ತು ದಾಟಿದ ನಮ್ಮಮ್ಮ ಸರ್ರನೆ ಜಾರಿ ಹೊರಟಳು.

"ಎಗರಾಡ್ಬೇಡ್ವೋ ಮಂಕೇ!" ಅಂತ ದಾರಿಯಲ್ಲೇ ಕಿರುಚಿದಳು. "ಎದೆ ಮುಂದಕ್ಕೆ ಹಾಕಿ ಬೋರಲು ಬೀಳು! ಕಾಲು ಬಿಡಿಸ್ಕೋ! ಚಪ್ಪಲಿ ಹೋದ್ರೆ ಹೋಗ್ಲಿ!"

ಮಾವ ಎಗರಾಡುವುದನ್ನು ಬಿಟ್ಟ. "ಅಕ್ಕಾ... ನನ್ನ ಜೊತೆ ಮಾತಾಡಿದೆ!"

"ನಿನ್ನ ಜೊತೆ ಯಾರು ಮಾತಾಡಿದ್ರು? ನಾನು ಕೆಸರಿಗೆ ಹೇಳಿದ್ದು!" ಅಂದಳು ಅಮ್ಮ, ಅವನ ಕೊರಳಪಟ್ಟಿ ಹಿಡಿದು ಎಳೆಯುತ್ತ.

ಅಷ್ಟರಲ್ಲಿ ಹಗ್ಗ ಬಂತು. ಇಬ್ಬರನ್ನೂ ಫಲಕದ ಸಮೇತ ಎಳೆದು ದಡಕ್ಕೆ ಹಾಕಿದೆವು. ಮಾವ ಅಮ್ಮನ ಕೈ ಬಿಡದೆ ಚಿಕ್ಕ ಹುಡುಗನ ಹಾಗೆ ಅತ್ತ. ಅಮ್ಮ ತನ್ನ ಸೆರಗಿನಿಂದ ಅವನ ಮುಖ ಒರೆಸಿದಳು. ಸೆರಗೂ ಕೆಸರೇ ಆದ್ದರಿಂದ ಮುಖ ಇನ್ನಷ್ಟು ಕೊಳೆಯಾಯಿತು. "ಏಡಿಯೂ ನುಸುಳಬಾರದು ಅಂದಿದ್ದೆ ಅಲ್ವಾ ಅಕ್ಕ, ಆ ಮಾತು ಆಡಬಾರದಿತ್ತು" ಅಂದ. "ಈಗ ನೆನಪಾಯ್ತಾ? ಬಾ, ಸ್ನಾನ ಮಾಡು, ನಾರ್ತಿದೀಯ" ಅಂದಳು. ನಾನು ಅಭ್ಯಾಸಬಲದಿಂದ "ಮಾವಾ, ಅಮ್ಮ ಸ್ನಾನ ಮಾಡು ಅಂತಿದಾಳೆ" ಅಂದೆ. ಇಬ್ಬರೂ ನನ್ನನ್ನೇ ಬೈದರು.

ಟೋಪಿ ಸಾಹೇಬರು ಕನ್ನಡಕ ಒರೆಸಿಕೊಂಡು ನೋಡಿದರು. ನೀರು ಒಳಗೆ ಹರಿಯುತ್ತಿತ್ತು, ಅದೇ ಅವರಿಗೆ ಬೇಕಾಗಿದ್ದದ್ದು. ನಿಯಮದ ಪ್ರಕಾರ ಫಲಕ ಕಾಣುವಂತೆ ಒಂದು ಫೋಟೋ ಬೇಕು ಅಂದರು. ಹಾಗಾಗಿ ಸರ್ಕಾರದ ಕಡತದಲ್ಲಿರುವ ಫೋಟೋದಲ್ಲಿ ಅಮ್ಮ ಮತ್ತು ಮಾವ ಕೆಸರಿನ ಬೊಂಬೆಗಳ ಹಾಗೆ ಆ ಫಲಕದ ಮೇಲೇ ಕೂತಿದ್ದಾರೆ. ಗೋಡೆ ಹೇಗೆ ತೆಗೆದಿರಿ ಅನ್ನುವ ಪ್ರಶ್ನೆಗೆ ಏನು ಬರೆಯುವುದು ಅಂತ ಮೇಡಂ ತಲೆ ಕೆರೆದುಕೊಂಡು, "ಸ್ಥಳೀಯರ ಸಹಭಾಗಿತ್ವದಲ್ಲಿ, ಪಾರಂಪರಿಕ ವಿಧಾನದಿಂದ" ಅಂತ ಬರೆದರು. ಮಾವನ ಒದೆಗೆ ಅಷ್ಟು ಮರ್ಯಾದೆಯ ಹೆಸರು ಹಿಂದೆಂದೂ ಸಿಕ್ಕಿರಲಿಲ್ಲ. ಬಿದ್ದ ಗೋಡೆಯನ್ನೂ ಅವರು ಬಿಡಲಿಲ್ಲ. ಅನುದಾನದಲ್ಲಿ ಹಕ್ಕಿ ನೋಡಲು ಒಂದು ಕಟ್ಟೆ ಕಟ್ಟಿಸಬೇಕು ಅಂತಲೂ ಇತ್ತಂತೆ. ಇದೇ ಕಟ್ಟೆ ಅಂದುಬಿಟ್ಟರು.

ತಳಪಾಯದ ಮಾತು ಯಾರಾದರೂ ಎತ್ತಿದರೆ ಮಾವ, "ಗೋಡೆ ನನ್ನದು, ಕೆಳಗಿನ ಭೂಮಿ ನನ್ನದಲ್ಲ" ಅಂದು ಕೈ ತೊಳೆದುಕೊಳ್ಳುತ್ತಿದ್ದ.

ಮೇಡಂ ಅವನನ್ನು ಕೆಲಸಕ್ಕೆ ಇಟ್ಟುಕೊಂಡರು. ಕಾಂಡ್ಲಾ ಸಸಿ ನೆಡುವಾಗ ಅವನು ಗೋಡೆ ನೇರ ನೋಡುವ ತೂಕದ ಗುಂಡು, ದಾರ ಎಲ್ಲ ಹಿಡಿದು ಬಂದು ಸೈನ್ಯ ನಿಂತ ಹಾಗೆ ಸಾಲು ಹಾಕಿದ. "ಮೇಸ್ತ್ರೀ, ಇದು ಕಾಂಪೌಂಡಲ್ಲ, ಕಾಡು. ಸ್ವಲ್ಪ ಅಡ್ಡಾದಿಡ್ಡಿ ನೆಡಿ" ಅಂದರು ಮೇಡಂ. ಮಾವ ಒಂದು ಸಸಿಯನ್ನು ಬೆರಳಗಲ ಪಕ್ಕಕ್ಕೆ ನೆಟ್ಟು, ಅದನ್ನೇ ನೋಡುತ್ತ ಮಧ್ಯಾಹ್ನದವರೆಗೆ ಸಂಕಟಪಟ್ಟ. ಆಮೇಲೆ ಅಮ್ಮ ಬಂದು ದಾರ ಕಿತ್ತುಕೊಂಡಳು. ಅವಳು ಕಾಂಡ್ಲಾದ ಕೋಲಿನಂಥ ಬೀಜಗಳನ್ನು ಹಲಗೆಯ ಮುಂದೆ ಇಟ್ಟುಕೊಂಡು, ಜಾರುತ್ತ, ಕೈ ಹೋದ ಕಡೆ ಚುಚ್ಚುತ್ತ ಹೋದಳು. ಅವಳ ಗಿಡಗಳೇ ಮೊದಲು ಚಿಗುರಿದವು ಅಂತ ಅವಳು ಹೇಳುತ್ತಾಳೆ, ಮಾವ ಒಪ್ಪುವುದಿಲ್ಲ.

ಈಗ ಅಲ್ಲಿ ಸೊಂಟದೆತ್ತರ ಹಸಿರು. ರಜಾದಿನ ದೂರದ ಊರಿನವರು ದುರ್ಬೀನು ನೇತುಹಾಕಿಕೊಂಡು ಬರುತ್ತಾರೆ. ಮಾವನಿಗೆ ಹಕ್ಕಿಗಳ ಹೆಸರು ಒಂದೂ ಗೊತ್ತಿಲ್ಲ, ಗೊತ್ತಿಲ್ಲ ಅನ್ನುವ ಅಭ್ಯಾಸವೂ ಇಲ್ಲ. ಉದ್ದ ಕಾಲಿನದು ಬಂದರೆ "ಅದು ಇಂಜಿನಿಯರ್", ಕೆಸರು ಕುಕ್ಕುತ್ತ ಓಡಾಡುವುದು "ಜವಾನ", ರೆಕ್ಕೆ ಮಡಚಿ ಸುಮ್ಮನೆ ನಿಂತದ್ದು "ಸಾಹೇಬ್ರು" ಅನ್ನುತ್ತಾನೆ. ಒಬ್ಬ ಹೆಂಗಸು ಅದನ್ನೆಲ್ಲ ನಂಬಿ ಬರೆದುಕೊಂಡೂ ಹೋದಳು.

ಮೊನ್ನೆ ನಾನು ಹೋದಾಗ ಅಮ್ಮ ಬುಟ್ಟಿಯಲ್ಲಿ ಏಡಿ ತುಂಬುತ್ತಿದ್ದಳು, ಮಾವ ಬುಟ್ಟಿ ಹಿಡಿದಿದ್ದ. ಒಂದು ಏಡಿ ಅವನ ಹೆಬ್ಬೆರಳು ಕಚ್ಚಿಕೊಂಡಿತ್ತು. "ಅಕ್ಕ, ಬಿಡಿಸೇ!" ಅಂತ ಅವನು ಕುಣಿಯುತ್ತಿದ್ದ. ಅಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು, ಅವಸರವೇ ಇಲ್ಲದವಳ ಹಾಗೆ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.